ಗ್ಯಾರೇಜ್ ಸೇಲಿನಲ್ಲಿ ಸಿಕ್ಕ ಕಲ್ಲಿನ ಕಂಬ: ಹವಳ ಹೌದಾ? ಊರಿಗೆ ತರಬಹುದಾ?

ತುಂಗಾತೀರದ ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವನು, ನಿವೃತ್ತ ಗಣಿತದ ಮೇಷ್ಟ್ರು. ಮಗಳ ಮನೆಗೆ ಅಂತ ಫ್ಲಾರಿಡಾಕ್ಕೆ ಬಂದು ನಾಲ್ಕು ತಿಂಗಳಾಯ್ತು. ಮಯಾಮಿಯಿಂದ ಇನ್ನೂ ಕೆಳಗೆ, ಹೋಮ್‌ಸ್ಟೆಡ್ ಹತ್ತಿರ. ಬೆಳಿಗ್ಗೆ ವಾಕಿಂಗು, ಮಧ್ಯಾಹ್ನ ನಿದ್ದೆ, ಸಂಜೆ ಮೊಮ್ಮಗಳಿಗೆ ಮಗ್ಗಿ. ಇದರ ಮಧ್ಯೆ ಒಂದು ಚಟ ಹತ್ತಿದೆ. ಶನಿವಾರ ಬಂತು ಅಂದ್ರೆ ಗ್ಯಾರೇಜ್ ಸೇಲ್ ಸುತ್ತೋದು.

ಹೋದ ಶನಿವಾರ ಒಬ್ಬ ಅಜ್ಜಿ ಮನೆ ಖಾಲಿ ಮಾಡ್ತಾ ಇದ್ರು. ಮೀನಿನ ಗಾಳ, ಬಿರುಕು ಬಿಟ್ಟ ಪಿಂಗಾಣಿ ಬಟ್ಟಲು, ತುಕ್ಕು ಹಿಡಿದ ಟೇಬಲ್ ಫ್ಯಾನು. ಅದರ ನಡುವೆ ಬಿಳಿ ಕಲ್ಲಿನ ಒಂದು ಕಂಬ ನಿಂತಿತ್ತು. 8 ಡಾಲರ್ ಅಂದ್ರು, 5ಕ್ಕೆ ಕೇಳಿದೆ, 6ಕ್ಕೆ ಆಯ್ತು.

ಮನೆಗೆ ತಂದು ಅಳೆದೆ. ಎತ್ತರ 11 ಅಂಗುಲ, ಬುಡದಲ್ಲಿ ಸುಮಾರು ಮೂರು ಅಂಗುಲ ದಪ್ಪ, ತುದಿ ಬೆರಳಿನ ಹಾಗೆ ಗುಂಡಗೆ. ಮಗಳು ಹಿಟ್ಟು ತೂಗೋ ತಕ್ಕಡಿಯಲ್ಲಿ ಇಟ್ರೆ ಎರಡು ಕೆ.ಜಿ.ಗೆ ಸ್ವಲ್ಪ ಕಮ್ಮಿ. ಮೈತುಂಬ ಹಾವಾಡಿದ ಹಾಗೆ ಸಣ್ಣ ಗೀರುಗಳು. ಒತ್ತು ಶ್ಯಾವಿಗೆಯನ್ನು ಒರಳಿನಿಂದ ಕಂಬದ ಮೇಲೇ ಒತ್ತಿ ಒಣಗಿಸಿದ್ದಾರೋ ಅನ್ನಬೇಕು, ಹಾಗಿದೆ. ಬುಡದಲ್ಲಿ ಹಳದಿ ತಿರುಗಿದ ಒಂದು ಚೀಟಿ. ಶಾಯಿಯಲ್ಲಿ ಕೀ ಲಾರ್ಗೊ (ಇಲ್ಲಿಂದ ಕೆಳಗಿರೋ ಒಂದು ದ್ವೀಪ) ಅಂತ ಬರೆದು ಕೆಳಗೆ 1.25 ಅಂತ ಬೆಲೆ.

ಮೊಮ್ಮಗಳು ಫೋನಿನಲ್ಲಿ ಹುಡುಕಿ, ಅಜ್ಜ ಇದು ಪಿಲ್ಲರ್ ಕೋರಲ್, ತುಂಬಾ ಅಪರೂಪದ್ದು ಅಂತಾಳೆ. ನಮ್ಮನೆಯವಳು, ಹವಳ ಅಂದ್ರೆ ಕೆಂಪಗಿರಬೇಕು, ನನ್ನ ತಾಳಿಯಲ್ಲಿರೋದು ಹವಳ ಅಲ್ವಾ, ಇದು ಯಾವುದೋ ಸುಣ್ಣದ ಕಲ್ಲು ಅಂತಾಳೆ. ಆದ್ರೂ ದೇವರ ಕೋಣೆಗೆ ಚೆನ್ನಾಗಿರತ್ತೆ, ಊರಿಗೆ ತಗೊಂಡು ಹೋಗೋಣ ಅಂತ ಹಟ ಹಿಡಿದಿದ್ದಾಳೆ. ಅಳಿಯಂದಿರು ಮಾತ್ರ ಏರ್‌ಪೋರ್ಟಿನಲ್ಲಿ ಹಿಡೀತಾರೆ ಮಾವ ಅಂತ ಹೆದರಿಸ್ತಿದ್ದಾರೆ.

ನನ್ನ ಪ್ರಶ್ನೆ ಮೂರು. ಇದು ನಿಜವಾಗಿ ಹವಳವಾ, ಅಲ್ಲ ಪ್ಲಾಸ್ಟಿಕ್ ಅಚ್ಚಾ? ಹವಳವಾದ್ರೆ ಇದು ಸಮುದ್ರದಲ್ಲಿ ಎಲ್ಲಿ, ಹೇಗೆ ನಿಂತಿರತ್ತೆ? ಊರಿಗೆ ತರಬಹುದಾ? 18ನೇ ತಾರೀಕು ವಿಮಾನ. ಬಲ್ಲವರು ಬೇಗ ಹೇಳಿ.

ಹುಬ್ಬಳ್ಳಿ ಮಂದಿ:

ಮಾಸ್ತರ್ರ, ಏನ್ ಇಷ್ಟ್ ಚಿಂತಿ ಮಾಡಾಕತ್ತೀರಿ. ಸೀರಿಯೊಳಗ ಸುತ್ತಿ ಸೂಟ್‌ಕೇಸಿನ ತಳಕ್ಕ ಇಡ್ರಿ, ಯಾರ್ ನೋಡ್ತಾರ. ನಮ್ಮ ಕಾಕಾ ದುಬೈದಿಂದ ಏನೇನೋ ತಂದಾನ. ಅಷ್ಟಕ್ಕೂ ಇದೇನ್ ಅಪರೂಪದ್ದಲ್ಲ ತಗೋರಿ. ಹೋದ ಡಿಸೆಂಬರ್‌ದಾಗ ಮುರುಡೇಶ್ವರದಿಂದ ನೇತ್ರಾಣಿಗೆ ಹೋಗಿ ಸ್ಕೂಬಾ ಮಾಡೀವಿ. ಅಲ್ಲೇ ಇಂಥಾವು ನೋಡೀನಿ.

ಬೆದ್ರದ ಹುಡುಗಿ:

ಮೇಷ್ಟ್ರೇ, ದಯವಿಟ್ಟು ಮೇಲಿನವರ ಮಾತು ಕೇಳಿ ಸೀರೆ ಸುತ್ತಬೇಡಿ.

ನಾನು ಮೂಡುಬಿದಿರೆಯವಳು. ನಿಮ್ಮ ಪಕ್ಕದ ಊರಲ್ಲೇ ಇದ್ದೇನೆ ಅನ್ನಬಹುದು. ಇಲ್ಲಿ ಆಸ್ಪತ್ರೆಯಲ್ಲಿ ನರ್ಸ್. ಇಪ್ಪತ್ತು ವರ್ಷದ ಹಿಂದೆ ಗಂಡನ ಒತ್ತಾಯಕ್ಕೆ ಡೈವಿಂಗ್ ಕಲಿತೆ. ಅವರು ಬಿಟ್ಟರು, ನನಗೆ ಬಿಡಲಾಗಲಿಲ್ಲ. ನಿಮ್ಮ ಶ್ಯಾವಿಗೆಯ ಹೋಲಿಕೆ ಓದಿದ ಕೂಡಲೇ ನನಗೆ ಗೊತ್ತಾಯಿತು, ಆದರೂ ಒಂದು ಪರೀಕ್ಷೆ ಮಾಡಿ. ಕಂಬದ ಬುಡಕ್ಕೆ, ಚೀಟಿ ಇಲ್ಲದ ಕಡೆ, ಒಂದು ಹನಿ ಲಿಂಬೆರಸ ಹಾಕಿ. ನೊರೆ ಬಂದರೆ ಸುಣ್ಣ. ಸುಮ್ಮನೆ ಜಾರಿ ಹೋದರೆ ಅಂಗಡಿಯ ಅಚ್ಚು. ಇಲ್ಲಿ ಅಲಂಕಾರಕ್ಕೆ ಮಾರುವ ಎಷ್ಟೋ ಹವಳಗಳು ಅಚ್ಚಿನವೇ. ನಿಮ್ಮ ಮನೆಯವರು ಸುಣ್ಣದ ಕಲ್ಲು ಅಂದದ್ದು ತಪ್ಪೇನಲ್ಲ. ಹವಳದ ಹುಳ ಸಮುದ್ರದ ನೀರಿನಿಂದ ಕಟ್ಟಿಕೊಳ್ಳುವ ಎಲುಬು ಅದು, ಅಪ್ಪಟ ಸುಣ್ಣ.

ತಾಳಿಯ ಕೆಂಪು ಹವಳ ಬೇರೆಯೇ ಕುಲ. ಅಸಲಿಯಾದರೆ ಅದು ಮೆಡಿಟರೇನಿಯನ್ ಕಡೆಯ ಸಮುದ್ರದ್ದು. ಅದರ ಹುಳಕ್ಕೆ ಎಂಟು ತೋಳು. ನಿಮ್ಮ ಕಂಬದಂಥ ಗಟ್ಟಿ ಹವಳಗಳದ್ದು ಆರರ ಲೆಕ್ಕ, ಆರು, ಹನ್ನೆರಡು, ಇಪ್ಪತ್ನಾಲ್ಕು ಹೀಗೆ. ಗಣಿತದವರಿಗೆ ಇಷ್ಟವಾಗಬಹುದು ಅಂತ ಹೇಳಿದೆ.

ನಿಮ್ಮ ಕಂಬದ ಹೆಸರು ಡೆಂಡ್ರೊಜೈರಾ ಸಿಲಿಂಡ್ರಸ್. 1834ರಲ್ಲಿ ಎರೆನ್‌ಬರ್ಗ್ ಎಂಬ ಜರ್ಮನ್ ವಿಜ್ಞಾನಿ ಇಟ್ಟದ್ದು. ಆ ಕುಲದಲ್ಲಿ ಇರುವುದು ಇದೊಂದೇ ಜಾತಿ, ಅಣ್ಣತಮ್ಮಂದಿರಿಲ್ಲ. ಅಟ್ಲಾಂಟಿಕ್‌ನ ಈ ಬದಿ ಬಿಟ್ಟರೆ ಲೋಕದಲ್ಲಿ ಇನ್ನೆಲ್ಲೂ ಇಲ್ಲ. ಫ್ಲಾರಿಡಾ, ಬಹಾಮಾಸ್, ಅಲ್ಲಿಂದ ಕೆರಿಬಿಯನ್ ದ್ವೀಪಗಳುದ್ದಕ್ಕೂ. ಹುಬ್ಬಳ್ಳಿಯವರೇ, ನೇತ್ರಾಣಿಯಲ್ಲಿ ನೀವು ನೋಡಿದ್ದು ಚೆಂದದ ಹವಳವೇ ಇರಬಹುದು, ಇದಲ್ಲ.

ಇದು ಎಲ್ಲಿ ನಿಂತಿರುತ್ತದೆ ಅಂತ ಕೇಳಿದಿರಲ್ಲ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಕೀ ಲಾರ್ಗೊದಿಂದ ದೋಣಿಯಲ್ಲಿ ಮುಕ್ಕಾಲು ಗಂಟೆ ಹೋದರೆ ಹವಳದ ದಿಬ್ಬಗಳ ಹೊರ ಅಂಚು ಸಿಗುತ್ತದೆ. ಕೈಬೆರಳು ಅಗಲಿಸಿ ಇಟ್ಟ ಹಾಗೆ ಬಂಡೆಯ ಏಣುಗಳು, ನಡುವೆ ಬಿಳಿ ಮರಳಿನ ಓಣಿಗಳು. ಕಂಬದ ಹವಳ ಒಂದು ಮೀಟರ್ ಆಳದಿಂದ ಇಪ್ಪತ್ತೈದು ಮೀಟರ್‌ವರೆಗೂ ಇರುತ್ತದೆ, ಆದರೆ ಎಲ್ಲೆಡೆ ಇಲ್ಲ. ದಿಬ್ಬವಿಡೀ ಈಜಿದರೂ ಒಂದೂ ಕಾಣದೆ ವಾಪಸ್ ಬರಬಹುದು. ಅಲ್ಲೊಂದು ಇಲ್ಲೊಂದು, ಕಾಡಿನ ನಡುವೆ ಒಂಟಿ ಮನೆಯ ಹಾಗೆ. ರೋಗ ಬರುವ ಮೊದಲೂ ಇದು ಹೀಗೇ ವಿರಳ.

2009ರಲ್ಲಿ ನಾನು ಮೊದಲು ನೋಡಿದ್ದು ಐದಾರು ಮೀಟರ್ ಆಳದಲ್ಲಿ. ಮರಳು ಓಣಿಯ ತಿರುವಿನಲ್ಲಿ ಇಪ್ಪತ್ಮೂರು ಕಂಬ, ಎಣಿಸಿದ್ದೇನೆ. ಎತ್ತರದ್ದು ನನಗಿಂತ ಎತ್ತರ. ಕೊಂಬೆ ಇಲ್ಲ, ಕವಲಿಲ್ಲ, ನೆಟ್ಟಗೆ ಮೇಲಕ್ಕೆ. ನಮ್ಮೂರಿನ ಸಾವಿರ ಕಂಬದ ಬಸದಿ ನೆನಪಾಗದೆ ಇರುತ್ತದೆಯೇ? ಅಂದಿನಿಂದ ನನ್ನ ಲಾಗ್ ಪುಸ್ತಕದಲ್ಲಿ ಆ ಜಾಗಕ್ಕೆ ಹೆಸರು ಸಾವಿರ ಕಂಬ. ಜತೆಗೆ ಬರುತ್ತಿದ್ದ ಅಮೆರಿಕದವರೂ ಕೊನೆಗೆ ಸಾವ್ರ ಸಾವ್ರ ಅನ್ನಲು ಕಲಿತರು. ಬಸದಿಯಲ್ಲಿ ಒಂದು ಕಂಬದ ಹಾಗೆ ಇನ್ನೊಂದಿಲ್ಲ ಅಂತಾರೆ. ಇಲ್ಲಿ ಇಪ್ಪತ್ಮೂರೂ ಒಂದೇ. ಬುಡದಲ್ಲಿ ಕೂಡಿಕೊಂಡ ಒಂದೇ ಜೀವ.

ನಿಮ್ಮ ಕೈಯಲ್ಲಿರುವುದು ಬಿಳಿ. ಜೀವ ಇದ್ದಾಗ ಅದು ಬಿಳಿ ಅಲ್ಲ ಮೇಷ್ಟ್ರೇ. ಬೆಲ್ಲದ ಬಣ್ಣ. ಅದರ ಮೈಯೊಳಗೆ ಸಣ್ಣ ಪಾಚಿ ಇದೆ, ಬಿಸಿಲು ತಿಂದು ಹವಳಕ್ಕೆ ಉಣಿಸುವುದು ಅದೇ, ಬಣ್ಣವೂ ಅದರದ್ದೇ. ಆ ಪಾಚಿಯಲ್ಲಿ ಒಂದು ಬಗೆಗೆ ಈ ಹವಳದ ಹೆಸರನ್ನೇ ಸೇರಿಸಿ ಬ್ರೆವಿಯೋಲಮ್ ಡೆಂಡ್ರೊಜೈರಮ್ ಅಂತ ಕರೆದಿದ್ದಾರೆ. ಹೆಚ್ಚಿನ ಗಟ್ಟಿ ಹವಳಗಳು ಹಗಲು ಬಾಗಿಲು ಹಾಕಿಕೊಂಡು ರಾತ್ರಿ ತೋಳು ಚಾಚುತ್ತವೆ. ಇದು ಹಗಲಲ್ಲೇ ಚಾಚಿರುತ್ತದೆ. ಹಾಗಾಗಿ ಕಂಬಕ್ಕೆ ಮಖಮಲ್ಲು ಹೊದೆಸಿದ ಹಾಗೆ, ಅಲೆ ಬಂದಾಗ ಬೆಕ್ಕಿನ ಬೆನ್ನು ಸವರಿದ ಹಾಗೆ ಒಂದು ಕಡೆ ವಾಲುತ್ತದೆ. ಮುಟ್ಟಬಾರದು, ಮುಟ್ಟಲಿಲ್ಲ. ದೂರದಿಂದ ಅಂಗೈಯಲ್ಲಿ ನೀರು ಬೀಸಿದರೆ ಸಾಕು, ತೋಳೆಲ್ಲ ಒಳಗೆಳೆದುಕೊಂಡು ಕಂಬದ ಮೇಲೆ ಒಂದು ಮಾಸಲು ಬಣ್ಣ ಓಡಿ ಹೋಗುತ್ತದೆ. ಮೊದಲ ಸಲ ಆ ಆಟ ಆಡಿದೆ. ಆಮೇಲೆ ಅದೂ ಉಪದ್ರವೇ ಅನ್ನಿಸಿ ಬಿಟ್ಟೆ.

2014ರಲ್ಲಿ ಮಯಾಮಿಯ ವರ್ಜೀನಿಯಾ ಕೀ ಹತ್ತಿರ ಒಂದು ರೋಗ ಕಂಡಿತು. ಗಟ್ಟಿ ಹವಳದ ಮಾಂಸ ಕಳಚುವ ರೋಗ ಅಂತಲೇ ಅದರ ಹೆಸರಿನ ಅರ್ಥ. ಇಂಥದ್ದೇ ರೋಗಾಣು ಅಂತ ಇಂದಿಗೂ ಬೊಟ್ಟು ಮಾಡಲಾಗಿಲ್ಲ. ಇಪ್ಪತ್ತಕ್ಕೂ ಹೆಚ್ಚು ಜಾತಿಗೆ ತಗಲುತ್ತದೆ, ಅದರಲ್ಲಿ ಮೊದಲು ಹೋಗುವವರ ಸಾಲಿನಲ್ಲಿ ಕಂಬದ ಹವಳ. ಅದೇ ಹೊತ್ತಿಗೆ 2014, 2015 ಎರಡೂ ಬೇಸಗೆ ನೀರು ಕಾದು ಪಾಚಿ ಬಿಟ್ಟು ಹೋಗಿ ಹವಳಗಳು ಬಿಳುಚಿದವು. 2015ರ ಸೆಪ್ಟೆಂಬರಿನಲ್ಲಿ ಸಾವಿರ ಕಂಬ ಸುಣ್ಣ ಬಳಿದ ಹಾಗೆ ನಿಂತಿತ್ತು, ಆದರೆ ಹತ್ತಿರ ಹೋದರೆ ತೋಳು ಅಲುಗುತ್ತಿತ್ತು. ಜ್ವರದ ರೋಗಿಯ ಕೈ ಹಿಡಿದರೆ ಬೆರಳು ಅಲುಗಿಸುತ್ತದಲ್ಲ, ಹಾಗೆ. ಚಳಿಗಾಲಕ್ಕೆ ಬಣ್ಣ ಅರ್ಧ ಮರಳಿತು, ಬದುಕಿತು ಅಂದುಕೊಂಡೆವು. ಮುಂದಿನ ಬೇಸಗೆ ಹೋದಾಗ ಒಂದು ಕಂಬದ ನಡುವಿನಲ್ಲಿ ಅಂಗೈಯಷ್ಟು ಬಿಳಿ. ಮೂರು ವಾರ ಬಿಟ್ಟು ಹೋದೆ. ಇಪ್ಪತ್ಮೂರರಲ್ಲಿ ಹದಿನಾರು ಬರೀ ಎಲುಬು. ಕೆಲವದರ ಮೇಲೆ ಆಗಲೇ ಬೇರೆ ಪಾಚಿ ಹತ್ತಿ ಹಸಿರು ಲೋಳೆ.

ವಾರ್ಡಿನಲ್ಲಿ ಸಾವು ನೋಡಿದವಳು ನಾನು. ಆದರೂ ಆ ದಿನ ದೋಣಿ ಹತ್ತಿದ ಮೇಲೆ ಮಾಸ್ಕ್ ತೆಗೆಯಲು ಮನಸ್ಸಾಗಲಿಲ್ಲ. ಕಣ್ಣು ಕೆಂಪಾದದ್ದು ಉಪ್ಪುನೀರಿಗೆ ಅಂತ ಹೇಳಿದೆ.

ಔಷಧ ಇಲ್ಲವೇ ಅಂತ ಕೇಳುತ್ತೀರಿ. ಇದೆ. ಮಕ್ಕಳ ಕಿವಿನೋವಿಗೆ ಕೊಡುತ್ತೇವಲ್ಲ ಅಮಾಕ್ಸಿಸಿಲಿನ್, ಅದನ್ನೇ ನೀರಿನಲ್ಲಿ ಕರಗದ ಮುಲಾಮಿಗೆ ಕಲಸಿ ಗಾಯದ ಅಂಚಿಗೆ ಕೈಯಿಂದ ಮೆತ್ತುತ್ತಾರೆ. ಬೇರೆ ಕೆಲವು ದುಂಡು ಹವಳಗಳನ್ನು ಅದು ಉಳಿಸಿದೆ. ನಮ್ಮ ಕಂಬಗಳ ಪಾಲಿಗೆ ಅದು ಬರುವಷ್ಟರಲ್ಲಿ ಮೆತ್ತಲು ಅಂಚೇ ಉಳಿದಿರಲಿಲ್ಲ.

2017ರ ಇರ್ಮಾ ಚಂಡಮಾರುತದ ನಂತರ ಹೋದಾಗ ನಾಲ್ಕು ಕಂಬ ಉರುಳಿದ್ದವು. ಜೀವ ಇದ್ದಿದ್ದರೆ ಉರುಳುವುದು ಇದಕ್ಕೊಂದು ಲೆಕ್ಕವೇ ಅಲ್ಲ. ಬಿದ್ದ ನುಗ್ಗೆ ಕೊಂಬೆ ಚಿಗುರುವ ಹಾಗೆ, ಮಲಗಿದ ಕಂಬದ ಬೆನ್ನಿನಿಂದ ಹೊಸ ಕಂಬಗಳು ಸಾಲಾಗಿ ನೆಟ್ಟಗೆ ಏಳುತ್ತವೆ. ಸಾವಿರ ಕಂಬವೇ ಯಾವುದೋ ಹಳೆಯ ಗಾಳಿಗೆ ಬಿದ್ದ ಕಂಬದಿಂದ ಎದ್ದ ಸಂತಾನ ಇರಬೇಕು, ಒಂದೇ ಸಾಲಿನಲ್ಲಿ ಎಂಟು ನಿಂತಿದ್ದವು.

ಇವತ್ತು ಫ್ಲಾರಿಡಾದ ಕಂಬದ ಹವಳದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಹೋಗಿದೆ. ನಿಮ್ಮ 6 ಡಾಲರಿನ ಕಂಬದ ಊರು ಈಗ ಹೀಗಿದೆ. ಕಾನೂನಿನ ವಿಷಯ ಬಲ್ಲವರು ಬರೆಯಲಿ.

ತುಂಗಾತೀರದ ಮೇಷ್ಟ್ರು:

ಅಮ್ಮಾ, ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಮ್ಮನೆಯವಳಿಗೂ ಓದಿ ಹೇಳಿದೆ. ನುಗ್ಗೆ ಕೊಂಬೆಯ ಜಾಗಕ್ಕೆ ಬಂದಾಗ ಇನ್ನೊಂದ್ಸಲ ಓದಿ ಅಂದಳು.

ಲಿಂಬೆ ಪರೀಕ್ಷೆ ಆಯ್ತು. ಇಲ್ಲಿಯ ಲಿಂಬೆಹಣ್ಣು ಸಪ್ಪೆ, ಆದ್ರೂ ನೊರೆ ಬಂತು. ಮೊಮ್ಮಗಳು ಕಿವಿ ಇಟ್ಟು ಚುಂಯ್ ಅಂತಿದೆ ಅಜ್ಜ ಅಂದಳು. ಹಾಗಾದ್ರೆ ಅಚ್ಚಲ್ಲ.

ಒಂದು ಲೆಕ್ಕ ಕೇಳ್ಬೇಕು. ಇದು ವರ್ಷಕ್ಕೆ ಎಷ್ಟು ಬೆಳೆಯತ್ತೆ? ನನ್ನ ಕಂಬದ ವಯಸ್ಸು ಹಾಕಬಹುದಾ? ಇನ್ನೊಂದು. ಬಿದ್ದರೆ ಚಿಗುರತ್ತೆ ಅಂದ್ರಿ. ಆದ್ರೆ ಬೀಜ, ಮರಿ ಅಂತ ಇಲ್ವಾ? ಬರೀ ಕೊಂಬೆ ಮುರಿದು ನೆಟ್ಟು ಎಷ್ಟು ದಿನ ವಂಶ ನಡೆಯತ್ತೆ?

ಬೆದ್ರದ ಹುಡುಗಿ:

ಬೆಳವಣಿಗೆ ವರ್ಷಕ್ಕೆ ಸುಮಾರು 8 ಮಿ.ಮೀ. ಇಂದ ಹೆಚ್ಚೆಂದರೆ 20 ಮಿ.ಮೀ. ಲೆಕ್ಕ ನೀವೇ ಮಾಡಿಕೊಳ್ಳಿ, ಮೇಷ್ಟ್ರಿಗೆ ನಾನು ಹೇಳಿಕೊಡುವುದೇ!

ಮರಿಯ ವಿಷಯ ಸಂಕಟದ್ದು. ಹೆಚ್ಚಿನ ಹವಳಗಳಲ್ಲಿ ಗಂಡು ಹೆಣ್ಣು ಒಂದೇ ಮೈಯಲ್ಲಿ. ಇದರಲ್ಲಿ ಸಾಮಾನ್ಯವಾಗಿ ಬೇರೆ ಬೇರೆ. ಆಗಸ್ಟ್ ಹುಣ್ಣಿಮೆ ಕಳೆದು ಎರಡು ಮೂರು ರಾತ್ರಿಗೆ, ಸೂರ್ಯ ಮುಳುಗಿ ಒಂದೆರಡು ಗಂಟೆಗೆ, ಗಂಡು ಕಂಬಗಳು ಹೊಗೆಯ ಹಾಗೆ ರೇತಸ್ಸು ಬಿಡುತ್ತವೆ, ಹೆಣ್ಣು ಕಂಬಗಳು ಮೊಟ್ಟೆ ಬಿಡುತ್ತವೆ. ನೀರಿನಲ್ಲಿ ಎರಡೂ ಕೂಡಬೇಕು. ಮುರಿದು ಚಿಗುರಿದ ಗುಂಪು ಅಂದರೆ ಇಪ್ಪತ್ಮೂರೂ ಗಂಡು, ಇಲ್ಲವೇ ಇಪ್ಪತ್ಮೂರೂ ಹೆಣ್ಣು. ಪಕ್ಕದ ಗುಂಪು ಎಷ್ಟೋ ಮೈಲಿ ಆಚೆ. ವರನ ಕಡೆಯವರು ಕುಂದಾಪುರದಲ್ಲಿ, ವಧುವಿನ ಕಡೆಯವರು ಕೊಳ್ಳೇಗಾಲದಲ್ಲಿ, ನಡುವೆ ಬಸ್ಸಿಲ್ಲ. ದೊಡ್ಡ ಕಂಬಗಳು ಇದ್ದಾಗಲೂ ಫ್ಲಾರಿಡಾದಲ್ಲಿ ಎಳೆ ಮರಿಗಳು ಕಾಣುತ್ತಿರಲಿಲ್ಲ.

ಕ್ಲಿಯರಿಂಗ್ ಏಜೆಂಟ್ ಬೆಂಗಳೂರು:

ಸರ್, ಕಾನೂನಿನ ಭಾಗ ಮಾತ್ರ ಬರೀತೀನಿ. ಇಪ್ಪತ್ತೆರಡು ವರ್ಷದಿಂದ ಕಾರ್ಗೋ ಕ್ಲಿಯರಿಂಗ್ ಕೆಲಸ.

ಗಟ್ಟಿ ಹವಳ ಅಷ್ಟೂ ಸೈಟಿಸ್, ಅಂದ್ರೆ ಅಪಾಯದಲ್ಲಿರೋ ಜೀವಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ. ಜೀವ ಇದ್ದರೂ ಒಂದೇ, ಸತ್ತ ಎಲುಬಾದರೂ ಒಂದೇ. ಕಲ್ಲಾಗಿ ಹೋದ ಫಾಸಿಲ್ ಮಾತ್ರ ಹೊರಗೆ. ಗಡಿ ದಾಟಿಸೋಕೆ ಅಮೆರಿಕದ ಕಡೆಯಿಂದ ಪರ್ಮಿಟ್ ಬೇಕು. ಅದರ ಮೇಲೆ ಈ ಜಾತಿಯನ್ನು ಅವರು 2014ರಲ್ಲಿ ಅಪಾಯದ ಅಂಚಿನ ಪಟ್ಟಿಗೆ ಹಾಕಿದ್ರು, 2024ರ ಕೊನೆಯಲ್ಲಿ ಇನ್ನೂ ಬಿಗಿಯಾದ ಮೇಲಿನ ಪಟ್ಟಿಗೆ ಏರಿಸಿದ್ರು. ಗ್ಯಾರೇಜ್ ಸೇಲಿನಲ್ಲಿ ರಶೀದಿ ಇಲ್ಲದೆ ತಗೊಂಡ ವಸ್ತುವಿಗೆ ಪರ್ಮಿಟ್ ಸಿಗತ್ತೆ ಅಂತ ನಾನಂತೂ ಬೆಟ್ ಕಟ್ಟಲ್ಲ.

ನಮ್ಮ ಕಡೆ ಇನ್ನೂ ಗಟ್ಟಿ. 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಶೆಡ್ಯೂಲಿಗೆ 2001ರಲ್ಲಿ ಗಟ್ಟಿ ಹವಳಗಳನ್ನು ಸೇರಿಸಿದ್ದಾರೆ. ಹುಲಿ, ಆನೆ ಇರೋ ಪಟ್ಟಿ ಅದು. ಕೆಂಪೇಗೌಡ ನಿಲ್ದಾಣದಲ್ಲಿ ಎಕ್ಸ್‌ರೇ ಯಂತ್ರದಲ್ಲಿ ಎರಡು ಕೆ.ಜಿ. ಸುಣ್ಣದ ಕಂಬ ಎಷ್ಟು ಚೆನ್ನಾಗಿ ಕಾಣತ್ತೆ ಅಂದ್ರೆ, ಸೀರೆ ಸುತ್ತಿದ್ರೆ ಸೀರೆ ಕಾಣಲ್ಲ, ಕಂಬ ಮಾತ್ರ ಕಾಣತ್ತೆ. ಆಮೇಲೆ ಇದು ಅಮೆರಿಕದ ಜಾತಿ, ನಮ್ಮ ಲಕ್ಷದ್ವೀಪದ್ದಲ್ಲ ಅಂತ ರಾತ್ರಿ ಎರಡು ಗಂಟೆಗೆ ಅಲ್ಲಿರೋ ಅಧಿಕಾರಿಗೆ ನೀವು ಪಾಠ ಮಾಡ್ಬೇಕಾಗತ್ತೆ.

ಮಗಳ ಮನೆಯಲ್ಲೇ ಬಿಡಿ. ಮಾರೋಕೂ ಹೋಗ್ಬೇಡಿ.

ಹುಬ್ಬಳ್ಳಿ ಮಂದಿ:

ಮಾಸ್ತರ್ರ, ನಾ ಅಂದಿದ್ದು ವಾಪಸ್ ತಗೊಂಡೆ. ನೇತ್ರಾಣಿ ಫೋಟೋ ಮತ್ತೊಮ್ಮೆ ತಗದು ನೋಡಿದೆ. ಕಂಬ ಅಲ್ಲ ಅದು, ನಮ್ಮ ಗೆಳ್ಯಾನ ಕಾಲು. ಫಿನ್ ಹಾಕ್ಕೊಂಡಿದ್ದ.

ಟ್ಯಾಂಪಾ ಕನ್ನಡಿಗ:

ಮೇಷ್ಟ್ರೇ, ನಿಮ್ಮ ಬೀಜದ ಪ್ರಶ್ನೆಗೆ ಇನ್ನೊಂದು ತುದಿಯಿಂದ ಉತ್ತರ. ನಾನು ಸಾಫ್ಟ್‌ವೇರಿನವನು, ಹಾಸನದವನು. ವಾರಾಂತ್ಯದಲ್ಲಿ ಮೀನಿನ ತೊಟ್ಟಿ ಇಟ್ಟುಕೊಂಡು ಹೆಂಡತಿ ಹತ್ರ ಬೈಸ್ಕೊಳ್ಳೋದು ನನ್ನ ಹವ್ಯಾಸ. ಹಾಗಾಗಿ ಈ ಕಥೆ ಬಾಯಿಪಾಠ.

ರೋಗ ಹರಡ್ತಾ ಇದ್ದಾಗಲೇ ವಿಜ್ಞಾನಿಗಳು ಬದುಕಿದ್ದ ಕಂಬಗಳಿಂದ ಚೂರು ತೆಗೆದು ಭೂಮಿ ಮೇಲಿನ ತೊಟ್ಟಿಗಳಿಗೆ ತಂದ್ರು. ಒಂದು ಭಾಗ ಬಂದಿದ್ದು ಇಲ್ಲಿ ಟ್ಯಾಂಪಾದ ಹತ್ತಿರ ಅಪೊಲೊ ಬೀಚಿನಲ್ಲಿರೋ ಫ್ಲಾರಿಡಾ ಅಕ್ವೇರಿಯಂನ ಕೇಂದ್ರಕ್ಕೆ. ಚೂರನ್ನ ಬದುಕಿಸಿದ್ರೆ ಸಾಲದು, ಮರಿ ಆಗ್ಬೇಕು. ಅದಕ್ಕೆ ಅವರು ಲಂಡನ್ನಿನ ಹಾರ್ನಿಮನ್ ಮ್ಯೂಸಿಯಂನವರ ವಿದ್ಯೆ ಕಲಿತ್ರು. ಕಿಟಕಿ ಇಲ್ಲದ ಕೋಣೆ. ಕಂಪ್ಯೂಟರ್ ಹೇಳಿದ ಹಾಗೆ ಸೂರ್ಯ ಹುಟ್ತಾನೆ, ಮುಳುಗ್ತಾನೆ. ಎಲ್‌ಇಡಿ ಚಂದ್ರ ತಿಥಿ ಪ್ರಕಾರ ಬೆಳೀತಾನೆ, ಕರಗ್ತಾನೆ. ನೀರಿನ ಬಿಸಿ ಕೀಸ್‌ನಲ್ಲಿ (ಕೀ ಲಾರ್ಗೊ ಇರೋ ದ್ವೀಪಸಾಲು) ಯಾವ ತಿಂಗಳಿಗೆ ಎಷ್ಟೋ ಅಷ್ಟೇ. ಹವಳಕ್ಕೆ ತಾನು ತೊಟ್ಟಿಯಲ್ಲಿದ್ದೀನಿ ಅಂತ ಗೊತ್ತೇ ಆಗ್ಬಾರ್ದು. ನಮ್ಮಲ್ಲಿ ಪಂಚಾಂಗ ನೋಡೋರು ಇಷ್ಟು ಕಟ್ಟುನಿಟ್ಟು ಇರಲ್ಲ.

2019ರ ಆಗಸ್ಟಿನಲ್ಲಿ ಆ ಸುಳ್ಳು ಹುಣ್ಣಿಮೆಯ ನಂತರ ಕಂಬದ ಹವಳ ಮೊಟ್ಟೆ ಬಿಡ್ತು. ಅಟ್ಲಾಂಟಿಕ್ಕಿನ ಯಾವುದೇ ಹವಳವನ್ನ ಲ್ಯಾಬಿನಲ್ಲಿ ಹೀಗೆ ಹೊತ್ತು ಗೊತ್ತು ಮಾಡಿ ಮೊಟ್ಟೆ ಇಡಿಸಿದ್ದು ಅದೇ ಮೊದಲು. ಅವತ್ತು ಆಫೀಸಿನಲ್ಲಿ ನಾನು ಎಲ್ಲರಿಗೂ ಹೇಳ್ಕೊಂಡು ಓಡಾಡಿದೆ, ಒಬ್ರೂ ತಲೆ ಎತ್ತಲಿಲ್ಲ.

ಆದ್ರೆ ಮರಿ ಸಾಕಿ ಸಮುದ್ರಕ್ಕೆ ಬಿಟ್ರೆ ಮುಗೀತು ಅಂತ ಅಲ್ಲ. 2023ರ ಜುಲೈ ನೆನಪಿದ್ಯಾ? ಫ್ಲಾರಿಡಾದ ಮ್ಯಾನಟೀ ಬೇ ಅನ್ನೋ ಕಡೆ ನೀರಿನ ಬಿಸಿ 38 ಡಿಗ್ರಿ ಸೆಲ್ಸಿಯಸ್ ದಾಟ್ತು. ಬಚ್ಚಲ ಹಂಡೆಯ ನೀರು. ಅದು ದಡದ ಒಳಗಿನ ಮೊಳಕಾಲುದ್ದದ ಕೊಲ್ಲಿ, ದಿಬ್ಬಗಳ ಮೇಲೆ ಅಷ್ಟಿರಲಿಲ್ಲ, ನಿಜ. ಆದ್ರೂ ಸಮುದ್ರದ ನರ್ಸರಿಗಳಲ್ಲಿ ಬೆಳೆಸ್ತಿದ್ದ ಸಾವಿರಾರು ಹವಳದ ತುಂಡುಗಳನ್ನ ಬಕೆಟ್ಟು, ಐಸ್ ಪೆಟ್ಟಿಗೆಯಲ್ಲಿ ತುಂಬ್ಕೊಂಡು ವಾಪಸ್ ನೆಲಕ್ಕೆ ತಂದ್ರು. ನೆರೆ ಬಂದಾಗ ದನ ಕರ ಎತ್ತರಕ್ಕೆ ಹೊಡ್ಕೊಂಡು ಹೋಗ್ತೀವಲ್ಲ, ಹಾಗೆ. ನನಗೇನೋ ಇದರಲ್ಲಿ ಪೂರ್ತಿ ನಂಬಿಕೆ ಇಲ್ಲ, ಸಮುದ್ರ ತಣ್ಣಗಾಗದೆ ತೊಟ್ಟಿಯಿಂದ ಎಷ್ಟು ದಿನ. ಆದ್ರೆ ಚೂರು ಉಳಿಸ್ದೆ ಇದ್ದಿದ್ರೆ ಈ ಮಾತಾಡೋಕೂ ಏನೂ ಇರ್ತಿರಲಿಲ್ಲ.

ಟ್ಯಾಂಪಾ ಕಡೆ ಬಂದ್ರೆ ತಿಳಿಸಿ, ಅಕ್ವೇರಿಯಂಗೆ ನಾನೇ ಕರ್ಕೊಂಡು ಹೋಗ್ತೀನಿ.

ಬೆದ್ರದ ಹುಡುಗಿ:

ಟ್ಯಾಂಪಾದವರೇ, ನಿಮಗೊಂದು ಗುಟ್ಟು. ಸಾವಿರ ಕಂಬದಿಂದಲೂ ಒಂದು ಚೂರು ಹೋಗಿದೆ. 2016ರ ವಸಂತದಲ್ಲಿ, ಅಂಗೈಯಷ್ಟು ಬಿಳಿ ಕಾಣುವ ಮೊದಲು. ಕೆಳಗೆ ಉಳಿ ಹಿಡಿದಿದ್ದವರು ಪರವಾನಗಿ ಇದ್ದವರು. ನಾನು ದೋಣಿಯ ಅಂಚಿನಲ್ಲಿ ಮೊಣಕಾಲೂರಿ ಮೇಲೆ ಬಂದ ಡಬ್ಬಿಯನ್ನು ಹಿಡಿದುಕೊಂಡೆ ಅಷ್ಟೆ. ಎರಡು ಬೆರಳು ಗಾತ್ರ, ನೀರಿನೊಳಗೆ ತೋಳು ಚಾಚಿಕೊಂಡೇ ಇತ್ತು. ದಡ ಸೇರುವವರೆಗೆ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಬಿಸಿಲು ಬೀಳದ ಹಾಗೆ ನನ್ನ ಟವೆಲ್ ಮುಚ್ಚಿದ್ದೆ. ಆ ಟವೆಲನ್ನು ಇನ್ನೂ ಬಳಸುತ್ತೇನೆ, ಗಂಡ ಬಿಸಾಡು ಅಂತಾರೆ.

ಮೇಷ್ಟ್ರೇ, ನಿಮ್ಮ ಚೀಟಿಯ ಬಗ್ಗೆ. 1.25 ಅಂತ ಬರೆದು ಕೀ ಲಾರ್ಗೊ ಹೆಸರಿರುವ ಹವಳ ಅಂದರೆ ಹೆದ್ದಾರಿ ಬದಿಯ ಅಂಗಡಿಯದ್ದೇ ಇರಬೇಕು. 1950ರ ದಶಕದಲ್ಲಿ ಹಾರೆ, ಸುತ್ತಿಗೆ ತೆಗೆದುಕೊಂಡು ಹೋಗಿ ಹವಳ ಕಿತ್ತು ತಂದು, ಮಾಂಸ ಕೊಳೆಸಿ, ಬಿಳಿ ಮಾಡಿ ಪ್ರವಾಸಿಗರಿಗೆ ಮಾರುತ್ತಿದ್ದರು. ಅದನ್ನು ನಿಲ್ಲಿಸಬೇಕು ಅಂತ ಹೋರಾಡಿದವರಲ್ಲಿ ಮಯಾಮಿಯ ಪತ್ರಿಕಾ ಸಂಪಾದಕ ಜಾನ್ ಪೆನೆಕ್ಯಾಂಪ್ ಒಬ್ಬರು. ಅವರ ಹೆಸರಿನ, ನೀರಿನೊಳಗಿನ ಪಾರ್ಕು ಕೀ ಲಾರ್ಗೊದಲ್ಲಿ 1963ರಲ್ಲಿ ತೆರೆಯಿತು. ಆಮೇಲೆ 1970ರ ದಶಕದಲ್ಲಿ ಫ್ಲಾರಿಡಾದಲ್ಲಿ ಗಟ್ಟಿ ಹವಳ ಕೀಳುವುದನ್ನೇ ಕಾನೂನು ನಿಲ್ಲಿಸಿತು. ಹಾಗಾಗಿ ಚೀಟಿ ಕೀಳಬೇಡಿ. ಕಂಬಕ್ಕಿಂತ ಆ ಚೀಟಿಯ ಮೇಲೆ ನನಗೆ ಆಸೆ.

ಹೊರಡುವ ಮೊದಲು ಒಂದು ದಿನ ವಿಂಡ್ಲಿ ಕೀಗೆ ಹೋಗಿ ಬನ್ನಿ. ನಿಮ್ಮಿಂದ ಕಾರಿನಲ್ಲಿ ಒಂದು ಗಂಟೆ. ರೈಲು ಹಾದಿ ಹಾಕುವಾಗ ಕಲ್ಲು ಒಡೆದ ಹಳೆಯ ಕ್ವಾರಿ ಅದು. ಗೋಡೆ ಪೂರ್ತಿ ಸುಮಾರು 1,25,000 ವರ್ಷದ ಹಿಂದಿನ ಹವಳದ ದಿಬ್ಬ. ಗರಗಸದಲ್ಲಿ ಕೊಯ್ದ ಹಲಸಿನ ಹಣ್ಣಿನ ಹಾಗೆ ಒಳಗಿನ ಸೊಳೆ ಸೊಳೆ ಕಾಣುತ್ತದೆ. ಈಜು ಬೇಡ, ಟ್ಯಾಂಕು ಬೇಡ, ಚಪ್ಪಲಿಯಲ್ಲೇ ನಡೆಯಬಹುದು. ಸೊಳ್ಳೆ ಇದೆ, ತುಂಬು ತೋಳಿನ ಅಂಗಿ ಹಾಕಿಕೊಳ್ಳಿ.

ತುಂಗಾತೀರದ ಮೇಷ್ಟ್ರು:

ಎಲ್ಲರಿಗೂ ಕೊನೇ ವರದಿ.

ವಯಸ್ಸಿನ ಲೆಕ್ಕ ಮೊಮ್ಮಗಳ ಕೈಯಲ್ಲೇ ಮಾಡಿಸಿದೆ. 11 ಅಂಗುಲ ಅಂದ್ರೆ ಸುಮಾರು 280 ಮಿ.ಮೀ. ಎಂಟರಿಂದ ಭಾಗಿಸಿದ್ರೆ 35 ವರ್ಷ, ಇಪ್ಪತ್ತರಿಂದ ಭಾಗಿಸಿದ್ರೆ 14. 1950ರ ದಶಕದಲ್ಲಿ ಕಿತ್ತಿದ್ದು ಅಂತ ಹಿಡಿದ್ರೆ, ಅದು ಬೆಳೆಯೋಕೆ ಶುರು ಮಾಡಿದ್ದು ನಾನು ಹುಟ್ಟೋ ಮೊದಲು. ಅಜ್ಜ ನಿನಗಿಂತ ದೊಡ್ಡದು, ನಮಸ್ಕಾರ ಮಾಡು ಅಂದಳು. ಮಾಡಿದೆ.

ಅಳಿಯಂದಿರ ಪುಸ್ತಕದ ಕಪಾಟಿನ ಮೇಲಿನ ಅರೆಯಲ್ಲಿ ಇಟ್ಟಾಯ್ತು. ಚೀಟಿಯ ಫೋಟೋ ಬೆದ್ರದ ತಂಗಿಗೆ ಕಳಿಸಿದ್ದೀನಿ. ಮೊಮ್ಮಗಳು ರಟ್ಟಿನ ಮೇಲೆ ಡೆಂಡ್ರೊಜೈರಾ ಸಿಲಿಂಡ್ರಸ್ ಅಂತ ಕನ್ನಡದಲ್ಲಿ ಬರೆದು ಪಕ್ಕದಲ್ಲಿಟ್ಟಳು. ಡೆಂಡ್ರೊ ಬರೆಯೋಕೆ ಮೂರು ಸಲ ಒರೆಸಿದಳು, ಒತ್ತಕ್ಷರ ಎಲ್ಲಿ ಹಾಕೋದು ಅಂತ ಗೊತ್ತಾಗದೆ.

ಭಾನುವಾರ ವಿಂಡ್ಲಿ ಕೀಗೂ ಹೋಗಿ ಬಂದ್ವಿ. ನಮ್ಮನೆಯವಳು ಆ ಗೋಡೆ ಮುಟ್ಟಿ ನೋಡಿ, ಇಷ್ಟು ವರ್ಷ ಸುಣ್ಣ ಹಚ್ಚಿ ವೀಳ್ಯ ಹಾಕಿದ್ದೀನಿ, ಸುಣ್ಣದ ಮನೆ ಇವತ್ತು ನೋಡಿದೆ ಅಂದಳು. ಸೊಳ್ಳೆ ವಿಷಯ ನೀವು ಹೇಳಿದ್ದಕ್ಕಿಂತ ಜಾಸ್ತಿ ಇತ್ತು.

ಸೂಟ್‌ಕೇಸ್ ತೂಗಿದೆ. ಕಂಬ ಬಿಟ್ಟ ಮೇಲೆ 21 ಕೆ.ಜಿ. ಆಗ್ತಿತ್ತು, 23ರವರೆಗೆ ಬಿಡ್ತಾರೆ. ಉಳಿದ ಎರಡು ಕೆ.ಜಿ.ಗೆ ಈಗಾಗ್ಲೇ ಬಾದಾಮಿ, ಪಿಸ್ತಾ ಸೇರಿ ಆಗಿದೆ. ದೇವರ ಕೋಣೆಗೆ ಏನೂ ಸಿಗಲಿಲ್ಲ ಅಂತ ಸ್ವಲ್ಪ ಮುನಿಸು ಇನ್ನೂ ಇದೆ.